ಗವರ್ನರನ ಕಾಗದಗಳಲ್ಲಿ ನಮ್ಮ ಕಡಲು

ಸುದ್ದಿ ತಂದವನು ಎಂಥವನೆಂದು ನೋಡಿ, ಅದನ್ನು ಪರಿಶೀಲಿಸಿದ ಮೇಲೆಯೇ ಮುಂದುವರಿಯಿರಿ ಎಂಬ ಆದೇಶ ಸೂರಃ ಅಲ್ ಹುಜುರಾತ್‌ನಲ್ಲಿದೆ. ಜುಮಾ ಖುತ್ಬಾಗಳಲ್ಲಿ ಈ ಮಾತನ್ನು ಹೆಚ್ಚಾಗಿ ಚಾಡಿಯ ಬಗ್ಗೆ, ಈಚೆಗೆ ಮೊಬೈಲಿನಲ್ಲಿ ಹರಿದು ಬರುವ ಸಂದೇಶಗಳ ಬಗ್ಗೆ ಕೇಳುತ್ತೇವೆ. ಇತಿಹಾಸವೂ ಒಂದು ಬಗೆಯ ಸುದ್ದಿಯೇ, ಹಳೆಯದು ಅಷ್ಟೆ. ನಮ್ಮ ಪಶ್ಚಿಮ ಕರಾವಳಿಯ ಮುಸ್ಲಿಮರ ಬಗ್ಗೆ 16ನೇ ಶತಮಾನದ ಸುದ್ದಿಯ ದೊಡ್ಡ ಪಾಲು ನಮಗೆ ತಲುಪಿರುವುದು ಅವರನ್ನು ಕಡಲಿನಿಂದ ಅಳಿಸಿಹಾಕಲು ಬಂದವರ ಕೈಬರಹದಲ್ಲಿ. ಅಂಥವರಲ್ಲಿ ಎಲ್ಲರಿಗಿಂತ ಹೆಚ್ಚು ಬರೆದವನು, ಎಲ್ಲರಿಗಿಂತ ಬಿಚ್ಚುಮನಸ್ಸಿನಿಂದ ಬರೆದವನು ಅಫೊನ್ಸೊ ದ ಅಲ್ಬುಕರ್ಕ್. 1509ರಿಂದ 1515ರವರೆಗೆ ಅವನು ಪೋರ್ಚುಗೀಸ್ ಇಂಡಿಯಾದ ಗವರ್ನರ್.

ತನ್ನ ದೊರೆ ಮ್ಯಾನುಯೆಲನಿಗೆ ಅವನು ಬರೆದ ಪತ್ರಗಳು ಲಿಸ್ಬನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿದಿವೆ. 1884ರಿಂದ 1935ರ ನಡುವೆ ಅವು ಏಳು ಸಂಪುಟಗಳಲ್ಲಿ ಅಚ್ಚಾದವು. ಮದ್ದುಗುಂಡು ಸಾಲದು, ಈಟಿಗಳಿಲ್ಲ, ಹಡಗುಗಳಿಗೆ ವಯಸ್ಸಾಗಿ ತಳದಿಂದ ನೀರು ಬರುತ್ತಿದೆ, ಬಡಗಿಗಳನ್ನು ಕಳಿಸಿ, ಕೊಚ್ಚಿಯಲ್ಲಿರುವ ನಿಮ್ಮ ಅಧಿಕಾರಿಗಳು ನನ್ನ ಬೆನ್ನ ಹಿಂದೆ ನಿಮಗೆ ಏನೇನೋ ಬರೆಯುತ್ತಿದ್ದಾರೆ ಎಂಬ ದೂರುಗಳೇ ಅವುಗಳ ತುಂಬ. ಇಂದಿನ ಯಾವುದೇ ಸರಕಾರಿ ಕಡತ ತೆರೆದರೂ ಇದೇ ಧಾಟಿ ಸಿಗುತ್ತದೆ. ಆ ಧಾಟಿಯ ನಡುವೆಯೇ, ಹಡಗಿನ ಹಾಯಿ ಹರಿದ ವಿಷಯ ಹೇಳುವಷ್ಟೇ ನಿರಾಳವಾಗಿ, ಒಂದು ಊರಿನ ಜನರನ್ನೆಲ್ಲ ಕೊಂದ ವಿಷಯವೂ ಬರುತ್ತದೆ.

ಆ ಪತ್ರಕ್ಕೆ ಬರುವ ಮೊದಲು ಅಂದಿನ ಅಂಚೆಯ ಗತಿಯನ್ನು ತಿಳಿದುಕೊಳ್ಳಬೇಕು. ಲಿಸ್ಬನ್ನಿನಿಂದ ಹಡಗುಗಳು ಮಾರ್ಚ್ ಏಪ್ರಿಲ್ ಹೊತ್ತಿಗೆ ಹೊರಟರೆ ನಮ್ಮ ಮಳೆಗಾಲ ಮುಗಿದ ಮೇಲೆ ಇಲ್ಲಿಗೆ ಮುಟ್ಟುತ್ತಿದ್ದವು. ಕರಿಮೆಣಸು ತುಂಬಿಕೊಂಡು ಡಿಸೆಂಬರ್ ಜನವರಿಯಲ್ಲಿ ಮರಳುತ್ತಿದ್ದವು. ಗವರ್ನರ್ ಒಂದು ಪ್ರಶ್ನೆ ಕೇಳಿದರೆ ಉತ್ತರ ಸಿಗಲು ಒಂದೂವರೆ ವರ್ಷಕ್ಕೂ ಮೇಲೆ ಬೇಕು. ಹೀಗಾಗಿ ಅವನು ಮೊದಲು ಮಾಡುತ್ತಿದ್ದ, ಆಮೇಲೆ ಬರೆಯುತ್ತಿದ್ದ. ಈ ಪತ್ರಗಳಲ್ಲಿ ಹೆಚ್ಚಿನವು ಅಪ್ಪಣೆ ಬೇಡುವ ಅರ್ಜಿಗಳಾಗಿರದೆ, ಮಾಡಿ ಮುಗಿಸಿದ್ದರ ಸಮರ್ಥನೆಗಳಾಗಿರುವುದು ಇದರಿಂದಲೇ.

ಅವನ ಲೆಕ್ಕಾಚಾರ ಸರಳವಾಗಿತ್ತು. ಏಷ್ಯಾದ ಮಸಾಲೆ, ಕುದುರೆ, ಬಟ್ಟೆ ಇವೆಲ್ಲ ಕಡಲಿನಲ್ಲಿ ಮೂರು ಬಾಗಿಲುಗಳ ಮೂಲಕ ಹಾಯುತ್ತವೆ. ಕೆಂಪು ಸಮುದ್ರದ ಬಾಯಲ್ಲಿ ಏಡನ್, ಪರ್ಷಿಯಾ ಕೊಲ್ಲಿಯ ಬಾಯಲ್ಲಿ ಹುರ್ಮುಜ್, ಪೂರ್ವದಲ್ಲಿ ಮಲಾಕ್ಕಾ. ಮೂರಕ್ಕೂ ಬೀಗ ಹಾಕಿ ನಡುವೆ ಒಂದು ಗಟ್ಟಿ ನೆಲೆ ಹಿಡಿದರೆ, ಅರಬ್, ಗುಜರಾತಿ, ಮಲಬಾರಿ, ನವಾಯತ ವ್ಯಾಪಾರಿಗಳ ನೂರಾರು ವರ್ಷಗಳ ವಹಿವಾಟು ಪೋರ್ಚುಗೀಸರ ಕೈಗೆ ಬೀಳುತ್ತದೆ. ನಡುವಿನ ನೆಲೆಯಾಗಿ ಅವನು ಆರಿಸಿದ್ದು ಗೋವಾ.

ಗೋವಾದ ಮೇಲೆ ಕಣ್ಣು ಹೋದದ್ದಕ್ಕೆ ನಮ್ಮ ಹೊನ್ನಾವರದ ನಂಟೂ ಇದೆ. 1510ರ ಆರಂಭದಲ್ಲಿ ಅಲ್ಬುಕರ್ಕ್ ಕೆಂಪು ಸಮುದ್ರದ ಕಡೆಗೆಂದು ಹೊರಟಿದ್ದ. ಹೊನ್ನಾವರದ ಕಡಲ ದಳವಾಯಿ, ಪೋರ್ಚುಗೀಸರು ತಿಮೋಜ ಎಂದು ಕರೆಯುವ ತಿಮ್ಮಯ್ಯ, ಅವನನ್ನು ಕಂಡು ಬೇರೊಂದು ಸುದ್ದಿ ಕೊಟ್ಟ. 1509ರ ಫೆಬ್ರವರಿಯಲ್ಲಿ ದೀವ್ ಬಳಿ ಸೋತ ಈಜಿಪ್ಟಿನ ಸುಲ್ತಾನನ ನೌಕಾಪಡೆಯ ಅಳಿದುಳಿದವರು ಗೋವಾದಲ್ಲಿ ಸೇರಿದ್ದಾರೆ, ಅಲ್ಲಿ ಹೊಸ ಹಡಗುಗಳು ಕಟ್ಟಲ್ಪಡುತ್ತಿವೆ, ಕಾವಲು ತೆಳುವಾಗಿದೆ ಎಂದ. ಬಿಜಾಪುರದಲ್ಲಿ ಯೂಸುಫ್ ಆದಿಲ್ ಶಾಹನ ಕಾಲ ಮುಗಿಯುತ್ತಿತ್ತು. ಅವನ ಮಗ ಇಸ್ಮಾಯಿಲ್ ಇನ್ನೂ ಹುಡುಗ. ಅಲ್ಬುಕರ್ಕ್ ದಾರಿ ಬದಲಿಸಿದ.

ತಿಮ್ಮಯ್ಯನ ಹೆಸರು ಬಂದ ಕೂಡಲೇ ನಮ್ಮಲ್ಲಿ ಕೆಲವರ ಮಾತು ಬಿಸಿಯಾಗುತ್ತದೆ. ಇನ್ನೊಂದು ಕಡೆ ಅವನನ್ನು ಧರ್ಮವೀರನನ್ನಾಗಿ ಮಾಡುವವರೂ ಇದ್ದಾರೆ. ಕಾಗದಪತ್ರಗಳಲ್ಲಿ ಕಾಣುವ ತಿಮ್ಮಯ್ಯ ಇವೆರಡೂ ಅಲ್ಲ. ಅವನು ವಿಜಯನಗರದ ಆಶ್ರಯದಲ್ಲಿ, ಹಡಗುಗಳನ್ನು ಹಿಡಿದು ಬದುಕುತ್ತಿದ್ದ ನಾಯಕ. ಬಿಜಾಪುರದ ಗೋವಾ ಅವನಿಗೆ ಪ್ರತಿಸ್ಪರ್ಧಿ ಬಂದರು. ಗೋವಾದ ಹಿಂದೂ ರೈತರಲ್ಲಿ ಆದಿಲ್ ಶಾಹಿ ತೆರಿಗೆಯ ಬಗ್ಗೆ ಅಸಮಾಧಾನವಿದ್ದದ್ದೂ ನಿಜ, ತೆರಿಗೆ ಇಳಿಸುತ್ತೇನೆಂದು ಅಲ್ಬುಕರ್ಕ್ ಅವರಿಗೆ ಹೇಳಿದ್ದೂ ನಿಜ. ಇದನ್ನು ಮುಚ್ಚಿಟ್ಟು ಬರೆದರೆ ಅದು ಇತಿಹಾಸವಾಗುವುದಿಲ್ಲ. ತಿಮ್ಮಯ್ಯನಿಗೆ ಗೋವಾದ ಕಂದಾಯ ವಸೂಲಿಯ ಅಧಿಕಾರ ಸಿಕ್ಕಿತು. ಸ್ವಲ್ಪ ಕಾಲದಲ್ಲೇ ಅದನ್ನು ಕಿತ್ತುಕೊಂಡು ಬೇರೊಬ್ಬನಿಗೆ ಕೊಟ್ಟರು.

ಮೊದಲ ಸಲ ಗೋವಾ ಹೆಚ್ಚು ಹೋರಾಟವಿಲ್ಲದೆ ಬಿತ್ತು. ಮೇ ತಿಂಗಳಲ್ಲಿ ಬಿಜಾಪುರದ ಸೈನ್ಯ ಬಂದು ಪರಂಗಿಗಳನ್ನು ಹೊರಗಟ್ಟಿತು. ಅಷ್ಟರಲ್ಲಿ ಮಳೆ ಹಿಡಿದು ಕಡಲಿಗೆ ಇಳಿಯಲಾಗದೆ ಅವರ ಹಡಗುಗಳು ಮಾಂಡವಿ ನದಿಯಲ್ಲೇ ಆಗಸ್ಟ್‌ವರೆಗೆ ಸಿಕ್ಕಿಕೊಂಡವು. ಎರಡೂ ದಂಡೆಗಳಲ್ಲಿ ಶತ್ರು, ಹೊಟ್ಟೆಯಲ್ಲಿ ಹಸಿವು. ಇಲಿಗಳನ್ನೂ ತೊಗಲನ್ನೂ ಬೇಯಿಸಿ ತಿಂದರು. ನವೆಂಬರ್ 25ರಂದು ಅಲ್ಬುಕರ್ಕ್ ಮೂವತ್ತಕ್ಕೂ ಹೆಚ್ಚು ಹಡಗುಗಳೊಂದಿಗೆ ಮತ್ತೆ ಬಂದ. ಈ ಸಲ ಅದೇ ದಿನ ಊರು ಬಿತ್ತು.

ಡಿಸೆಂಬರ್ 22ರಂದು ದೊರೆಗೆ ಬರೆದ ಪತ್ರ ಇದರದ್ದು. ಅದರ ಸಾರಾಂಶವನ್ನಷ್ಟೇ ಹೇಳುತ್ತೇನೆ. ನಾಲ್ಕು ದಿನಗಳ ಕಾಲ ಸಿಕ್ಕ ಸಿಕ್ಕಲ್ಲಿ ಮುಸಲ್ಮಾನರನ್ನು ಕೊಲ್ಲಲಾಯಿತು, ಯಾರಿಗೂ ಜೀವದಾನ ಕೊಡಲಿಲ್ಲ, ಮಸೀದಿಗಳಲ್ಲಿ ಅವರನ್ನು ತುಂಬಿ ಬೆಂಕಿ ಹಚ್ಚಲಾಯಿತು, ಹೊಲದಲ್ಲಿ ದುಡಿಯುವವರನ್ನೂ ಬ್ರಾಹ್ಮಣರನ್ನೂ ಕೊಲ್ಲಬಾರದೆಂದು ನಾನೇ ಹೇಳಿದ್ದೆ ಎನ್ನುತ್ತಾನೆ. ಸತ್ತವರು, ಗಂಡಸರು ಹೆಂಗಸರು ಸೇರಿ, 6,000 ಎಂದು ಲೆಕ್ಕ ಕೊಡುತ್ತಾನೆ. ಮುಸಲ್ಮಾನರ ಗೋರಿಗಳನ್ನೂ ಕಟ್ಟಡಗಳನ್ನೂ ನಿಲ್ಲಲು ಬಿಡುತ್ತಿಲ್ಲ ಎಂದೂ ಸೇರಿಸುತ್ತಾನೆ.

ಹುಜುರಾತ್‌ನ ಆದೇಶವನ್ನು ಇಲ್ಲಿ ಅನ್ವಯಿಸಿ ನೋಡೋಣ. ಬರೆದವನು ಕೊಂದವನೇ. ತನ್ನ ಮೇಲೆ ಆರೋಪ ಹೊರಿಸುವ ಪತ್ರವನ್ನು ಯಾರೂ ಸುಳ್ಳಾಗಿ ಬರೆಯುವುದಿಲ್ಲ ಎನ್ನಬಹುದು. ಆದರೆ ಅವನಿಗೆ ಅದು ಆರೋಪವೇ ಆಗಿರಲಿಲ್ಲ, ಸಾಧನೆಯ ವರದಿಯಾಗಿತ್ತು. ಸಾಧನೆಯ ವರದಿಯಲ್ಲಿ ಸಂಖ್ಯೆ ಉಬ್ಬುವುದು ಸಹಜ. ದೊರೆಯ ಅಪ್ಪಣೆಯಿಲ್ಲದೆ ಊರು ಹಿಡಿದವನಿಗೆ ಗೆಲುವನ್ನು ದೊಡ್ಡದು ಮಾಡಿ ತೋರಿಸುವ ಅಗತ್ಯವೂ ಇತ್ತು. ಆದ್ದರಿಂದ 6,000 ಎಂಬ ಅಂಕಿಯನ್ನು ನಾನು ಅವನ ಅಂಕಿ ಎಂದಷ್ಟೇ ಹೇಳುತ್ತೇನೆ. ಕೊಲೆ ನಡೆದದ್ದರಲ್ಲಿ, ಧರ್ಮ ನೋಡಿ ಆರಿಸಿ ಕೊಂದದ್ದರಲ್ಲಿ ಸಂಶಯವಿಲ್ಲ. ಅದನ್ನು ಅವನೇ ಆದೇಶದ ರೂಪದಲ್ಲಿ ಬರೆದಿದ್ದಾನೆ.

ಅದೇ ಪತ್ರದಲ್ಲಿ ಇನ್ನೊಂದು ಮಾತು ಇದೆ, ಹೆಚ್ಚಿನವರು ಓದಿ ದಾಟಿಬಿಡುವಂಥದ್ದು. ಸೆರೆ ಸಿಕ್ಕ ಮುಸ್ಲಿಮ್ ಹೆಂಗಸರಲ್ಲಿ ಬಿಳಿ ಮೈಬಣ್ಣದ, ನೋಡಲು ಚೆನ್ನಾಗಿರುವ ಕೆಲವರನ್ನು ಮದುವೆಯಾಗಿ ಇಲ್ಲೇ ನೆಲಸಲು ನಮ್ಮ ಕೆಲವು ಸೈನಿಕರು ಬಯಸಿದರು, ಅದಕ್ಕಾಗಿ ಹಣ ಕೇಳಿದರು, ಮದುವೆ ಮಾಡಿಸಿದೆ ಎನ್ನುತ್ತಾನೆ. ಗೋವಾದ ‘ಕಸಾದೊ’ಗಳು, ಅಂದರೆ ಮದುವೆಯಾಗಿ ಊರಿನಲ್ಲಿ ನೆಲೆನಿಂತ ಪೋರ್ಚುಗೀಸರು, ಎಂಬ ವರ್ಗ ಹುಟ್ಟಿದ್ದು ಹೀಗೆ. ಇದನ್ನು ಕೆಲವು ಪುಸ್ತಕಗಳು ಜನಾಂಗಗಳ ಬೆರಕೆಯ ಉದಾರ ನೀತಿ ಎಂದು ಹೊಗಳುತ್ತವೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಗವರ್ನರನ ದೃಷ್ಟಿಯಲ್ಲಿ ಅದು ರಕ್ಷಣಾ ವ್ಯವಸ್ಥೆಯ ಭಾಗ: ಊರಿಗೆ ಖಾಯಂ ಕಾವಲುಗಾರರು ಬೇಕಿತ್ತು. ಆ ಹೆಂಗಸರ ಗಂಡಂದಿರು, ಅಣ್ಣತಮ್ಮಂದಿರು ನಾಲ್ಕು ವಾರಗಳ ಹಿಂದಷ್ಟೇ ಸತ್ತಿದ್ದರು. ಅವರಲ್ಲಿ ಒಬ್ಬಳ ಹೆಸರನ್ನೂ ಪತ್ರ ಹೇಳುವುದಿಲ್ಲ.

ಇದೇ ಕರಾವಳಿಯಲ್ಲಿ, ಗೋವಾದಿಂದ ಸ್ವಲ್ಪವೇ ದಕ್ಷಿಣಕ್ಕೆ, 14ನೇ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದನು. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಮದ್ರಸಗಳನ್ನು ಕಂಡೆ, ಹೆಂಗಸರು ಕುರ್‌ಆನನ್ನು ಕಂಠಪಾಠ ಮಾಡಿದ್ದರು ಎಂದು ಅವನು ದಾಖಲಿಸಿದ್ದಾನೆ. ಅಂಥ ಮನೆತನಗಳ ಹೆಂಗಸರು ಗವರ್ನರನ ಪತ್ರಗಳಲ್ಲಿ ಮೈಬಣ್ಣವಾಗಿ ಮಾತ್ರ ಉಳಿದಿದ್ದಾರೆ.

ಇದನ್ನೆಲ್ಲ ಓದುವಾಗ, ಇವನ ಹಗೆ ಇಸ್ಲಾಮಿನ ಮೇಲೆ ಮಾತ್ರ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಹಗೆಯೇನೋ ಇತ್ತು. ಆದರೆ ಕಲ್ಲಿಕೋಟೆಯ ಸಾಮೂದಿರಿಯ ಪ್ರಸಂಗವನ್ನು ಪಕ್ಕದಲ್ಲಿಟ್ಟು ನೋಡಬೇಕು. ಸಾಮೂದಿರಿ ಹಿಂದೂ ರಾಜ. ಮಾಪಿಳ್ಳೆಗಳೂ ಅರಬ್ ವ್ಯಾಪಾರಿಗಳೂ ಅವನ ನೆರಳಿನಲ್ಲಿ ಮಾನದಿಂದ ಬದುಕಿದ್ದರು, ಅವನಿಗಾಗಿ ಕಾದಾಡಿದ್ದರು. 1510ರ ಜನವರಿಯಲ್ಲಿ ಕಲ್ಲಿಕೋಟೆಯ ಮೇಲೆ ಬಿದ್ದ ಪೋರ್ಚುಗೀಸರು ಸೋತು, ಅಲ್ಬುಕರ್ಕ್ ಗಾಯಗೊಂಡು ಹಿಂದಿರುಗಿದ್ದ. ಮುಂದೆ ಆ ಸಾಮೂದಿರಿ 1513ರಲ್ಲಿ ಸತ್ತಾಗ, ಅವನ ಉತ್ತರಾಧಿಕಾರಿಯೇ ವಿಷವಿಕ್ಕಿರಬೇಕು, ಏಕೆಂದರೆ ಹಾಗೆ ಮಾಡಲು ನಾನೇ ಅವನಿಗೆ ಕಾಗದಗಳಲ್ಲಿ ಹೇಳುತ್ತಿದ್ದೆ, ಆಮೇಲೆ ಒಪ್ಪಂದಕ್ಕೆ ಬರೋಣ ಎಂದಿದ್ದೆ ಎಂದು ಗವರ್ನರ್ ತನ್ನ ದೊರೆಗೆ ತಿಳಿಸುತ್ತಾನೆ. ಒಪ್ಪಂದವಾಯಿತು, ಕಲ್ಲಿಕೋಟೆಯಲ್ಲಿ ಪೋರ್ಚುಗೀಸ್ ಕೋಟೆಯೂ ಎದ್ದಿತು. ಅದೇ ಹೊತ್ತಿಗೆ ಪರ್ಷಿಯಾದ ಶಾ ಇಸ್ಮಾಯಿಲನೊಂದಿಗೆ ಸ್ನೇಹದ ರಾಯಭಾರ, ಗುಜರಾತಿನ ಸುಲ್ತಾನನೊಂದಿಗೆ ಉಡುಗೊರೆಗಳ ವಿನಿಮಯ ನಡೆದಿತ್ತು. ಎರಡನೇ ಮುಜಫ್ಫರ್ ಶಾಹ್ ಕಳಿಸಿದ ಖಡ್ಗಮೃಗವೊಂದು ಗೋವಾ ಹಾದು 1515ರಲ್ಲಿ ಲಿಸ್ಬನ್ ಸೇರಿ ಇಡೀ ಯೂರೋಪನ್ನೇ ಬೆರಗುಗೊಳಿಸಿತು. ಗೋವಾದ ಮಸೀದಿಗಳು ಉರಿದು ಐದು ವರ್ಷವೂ ಆಗಿರಲಿಲ್ಲ. ನಮ್ಮ ಸುಲ್ತಾನರು ಆಗ ಯಾವ ಲೆಕ್ಕದಲ್ಲಿದ್ದರು ಎಂಬುದನ್ನೂ ಈ ಪತ್ರಗಳು ತೋರಿಸುತ್ತವೆ.

ಕಡಲಿನ ಮೇಲಿನ ಹಿಡಿತಕ್ಕೆ ಅವರಿಗೆ ತೋಪಿನಷ್ಟೇ ಕಾಗದವೂ ಬೇಕಿತ್ತು. ಯಾವ ಹಡಗೇ ಆಗಲಿ ಪೋರ್ಚುಗೀಸರ ರಹದಾರಿ ಇಲ್ಲದೆ ಓಡಾಡುವಂತಿರಲಿಲ್ಲ. ಇದ್ದಕ್ಕಿದ್ದಂತೆ ಹಿಡಿದಾಗ ಆ ಚೀಟಿ ಇಲ್ಲದಿದ್ದರೆ ಹಡಗು, ಸರಕು ಎರಡೂ ಹೋದವು. ಈ ಪದ್ಧತಿ ಅಲ್ಬುಕರ್ಕ್‌ನಿಗಿಂತ ಮೊದಲೇ ಶುರುವಾಗಿತ್ತು, ಅವನ ಕಾಲದಲ್ಲಿ ಬಿಗಿಯಾಯಿತು. ಅದಕ್ಕೆ ಅವರು ‘ಕರ್ತಾಜ್’ ಎನ್ನುತ್ತಿದ್ದರು. ಅದು ಕಾಗದ ಎಂಬ ಅರ್ಥದ ಅರಬಿ ‘ಕಿರ್ತಾಸ್’ನಿಂದ ಬಂದ ಪದವೆಂದು ಹೇಳುತ್ತಾರೆ. ಸೂರಃ ಅಲ್ ಅನ್‌ಆಮ್ ಓದುವವರಿಗೆ ಗೊತ್ತಿರುವ ಪದ. ಈ ಕಾಗದದ ಕಾಟ ಅಲ್ಬುಕರ್ಕ್ ಸತ್ತ ಮೇಲೂ ಉಳಿಯಿತು. ಅಕ್ಬರನ ಕಾಲದಲ್ಲಿ, ಆ ರಹದಾರಿಯ ಮೇಲೆ ಮರ್ಯಮ್ ಮತ್ತು ಈಸಾ (ಅ) ಅವರ ಚಿತ್ರಗಳಿರುತ್ತವೆ, ನೆಲದ ದಾರಿಯೂ ನಿರಾತಂಕವಲ್ಲ, ಆದ್ದರಿಂದ ಹಿಂದುಸ್ತಾನದವರಿಗೆ ಹಜ್ಜ್ ಈಗ ಕಡ್ಡಾಯವಲ್ಲ ಎಂದು ಮಖ್ದೂಮುಲ್ ಮುಲ್ಕ್ ಎಂಬ ದೊಡ್ಡ ಆಲಿಮರು ಫತ್ವಾ ಕೊಟ್ಟದ್ದನ್ನು ಬದಾಯೂನಿ ದಾಖಲಿಸಿದ್ದಾನೆ. ಗವರ್ನರನ ಕಚೇರಿಯ ಒಂದು ಚೀಟಿ ದೀನಿನ ಒಂದು ಸ್ತಂಭದವರೆಗೂ ಕೈಚಾಚಿತ್ತು.

ಭಟ್ಕಳದ ಕಥೆಯನ್ನು ಇಲ್ಲೇ ಹೇಳಬೇಕು. ವಿಜಯನಗರಕ್ಕೆ ಅರಬ್ ಕುದುರೆಗಳು ಇಳಿಯುತ್ತಿದ್ದ ಮುಖ್ಯ ಬಂದರುಗಳಲ್ಲಿ ಭಟ್ಕಳವೂ ಒಂದು. 1502ರಿಂದಲೇ ಅದು ಪೋರ್ಚುಗೀಸರಿಗೆ ಅಕ್ಕಿಯ ಕಪ್ಪ ಕೊಡಬೇಕಾಗಿತ್ತು. ಭಟ್ಕಳದಲ್ಲಿ ಕೋಟೆ ಕಟ್ಟಲು ಜಾಗ ಕೊಡಿ ಎಂದು ಅಲ್ಬುಕರ್ಕ್ ಪಾದ್ರಿ ಲೂಯಿಸ್ ಎಂಬವನನ್ನು ಕೃಷ್ಣದೇವರಾಯನ ಬಳಿಗೆ ಕಳಿಸಿದ. ಕೋಟೆ ಸಿಗಲಿಲ್ಲ. ಗೋವಾ ಕೈಗೆ ಬಂದ ಮೇಲೆ ಕೋಟೆಯ ಅಗತ್ಯವೂ ಉಳಿಯಲಿಲ್ಲ. ಹುರ್ಮುಜಿನಿಂದ ಬರುವ ಕುದುರೆ ಹಡಗುಗಳೆಲ್ಲ ಗೋವಾದಲ್ಲೇ ಇಳಿಯಬೇಕು, ಸುಂಕ ಅಲ್ಲೇ ಕಟ್ಟಬೇಕು ಎಂದು ವಿಧಿಸಿದ. ಕುದುರೆ ಬೇಕಾದರೆ ಬಿಜಾಪುರವೂ ವಿಜಯನಗರವೂ ಗೋವಾದ ಬಾಗಿಲಿಗೇ ಬರಬೇಕು. ಆ ಕಾಲದಲ್ಲಿ ಕಣ್ಣಾನೂರಿನಲ್ಲಿ ಗುಮಾಸ್ತನಾಗಿದ್ದ ದುವಾರ್ತೆ ಬಾರ್ಬೊಸ, ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೋಗುತ್ತಿದ್ದುದನ್ನೂ, ಮೊದಲು ಅಲ್ಲಿಗೆ ಬರುತ್ತಿದ್ದ ಕುದುರೆ ಮತ್ತು ಮುತ್ತುಗಳು ಈಗ ಪೋರ್ಚುಗೀಸರ ಕಾರಣದಿಂದ ಗೋವಾಕ್ಕೆ ಹೋಗುತ್ತಿರುವುದನ್ನೂ, ಕೆಲವು ಹಡಗುಗಳು ನಿಷೇಧವಿದ್ದರೂ ಕದ್ದು ಏಡನ್ನಿಗೆ ಹೊರಡುವುದನ್ನೂ ಬರೆದಿದ್ದಾನೆ. ಆ ಕದ್ದು ಹೊರಟವರ ಬಗ್ಗೆ ನನಗೆ ಬಹಳ ಗೌರವ.

ಗೋವಾವನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬ ಪ್ರಶ್ನೆ ಲಿಸ್ಬನ್ನಿನಲ್ಲೂ ಎದ್ದಿತು. ಕೊಚ್ಚಿಯಲ್ಲಿ ಮೆಣಸಿನ ವ್ಯಾಪಾರದಲ್ಲಿ ಕೈ ಬೆಚ್ಚಗೆ ಮಾಡಿಕೊಂಡಿದ್ದ ಅಧಿಕಾರಿಗಳು ಗೋವಾ ದಂಡದ ಬಾಬತ್ತು ಎಂದು ಬರೆದಿದ್ದರು. ಇದಕ್ಕೆ ಅಲ್ಬುಕರ್ಕ್ ಕೊಟ್ಟ ಉತ್ತರಗಳು ಅವನ ಪತ್ರಗಳಲ್ಲೇ ಅತ್ಯಂತ ಬಲವಾದವು: ನದಿಗಳು ಸುತ್ತುವರಿದ ದ್ವೀಪ, ಹಡಗು ಕಟ್ಟುವ ಜಾಗ, ಕುದುರೆಯ ಸುಂಕ, ಎರಡು ದೊಡ್ಡ ರಾಜ್ಯಗಳ ಮೇಲೆ ಹಿಡಿತ. 1513ರ ಡಿಸೆಂಬರಿನ ಒಂದು ಪತ್ರದಲ್ಲಿ, ಗೋವಾದ ಕಮ್ಮಾರರು ಮಾಡುವ ಕೋವಿಗಳು ಯೂರೋಪಿನ ಬೊಹೀಮಿಯಾದವರ ಕೋವಿಗಳಿಗೆ ಸರಿಸಮ, ಅಂಥ ಒಬ್ಬ ಕುಶಲಕರ್ಮಿಯನ್ನು ನಿಮ್ಮಲ್ಲಿಗೇ ಕಳಿಸುತ್ತಿದ್ದೇನೆ ಎನ್ನುತ್ತಾನೆ. ಮೂರು ವರ್ಷಗಳ ಹಿಂದಿನವರೆಗೆ ಬಿಜಾಪುರದ ಕೈಯಲ್ಲಿದ್ದ ಊರಿನ ಕಸುಬು ಅದು. 1512ರ ಏಪ್ರಿಲ್ 1ರ ಪತ್ರದಲ್ಲಿ ಜಾವಾದ ನಾವಿಕನೊಬ್ಬನ ನಕ್ಷೆಯ ತುಣುಕನ್ನು ಕಳಿಸುತ್ತಾನೆ. ಊರುಗಳ ಹೆಸರೆಲ್ಲ ಜಾವಾ ಲಿಪಿಯಲ್ಲಿದ್ದ ಆ ನಕ್ಷೆಯಲ್ಲಿ ಲವಂಗದ ದ್ವೀಪಗಳಿಂದ ಹಿಡಿದು ಕೆಂಪು ಸಮುದ್ರದವರೆಗೆ ಎಲ್ಲವೂ ಇತ್ತಂತೆ. ಮೂಲ ನಕ್ಷೆ ಮಲಾಕ್ಕಾದ ಲೂಟಿ ಹೊತ್ತು ಬರುತ್ತಿದ್ದ ‘ಫ್ಲೋರ್ ದೊ ಮಾರ್’ ಹಡಗಿನೊಂದಿಗೆ 1511ರಲ್ಲಿ ಸುಮಾತ್ರದ ಬಳಿ ಮುಳುಗಿತ್ತು.

(ಇಲ್ಲೊಂದು ಮಾತು. ವಾಸ್ಕೋ ಡ ಗಾಮನಿಗೆ ದಾರಿ ತೋರಿದವನು ಇಬ್ನ್ ಮಾಜಿದ್ ಎಂದು ನಮ್ಮ ಭಾಷಣಗಳಲ್ಲಿ ಕೆಲವರು ಹೆಮ್ಮೆಯಿಂದ, ಕೆಲವರು ನೋವಿನಿಂದ ಹೇಳುತ್ತಾರೆ. ಇಂದಿನ ಹೆಚ್ಚಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಆ ಮಹಾ ನಾವಿಕನ ಮೇಲಿನ ಈ ಹೊರೆಯನ್ನು ನಾವು ಇಳಿಸಬಹುದು.)

ಮೂರನೇ ಬಾಗಿಲು ಏಡನ್. 1513ರ ಮಾರ್ಚಿನಲ್ಲಿ ಅಲ್ಬುಕರ್ಕ್ ಅದರ ಗೋಡೆಗೆ ಏಣಿಗಳನ್ನು ಹಚ್ಚಿದ. ಏರುತ್ತಿದ್ದವರ ಭಾರಕ್ಕೆ ಏಣಿಗಳು ಮುರಿದವು. ಊರು ಅಮೀರ್ ಮರ್ಜಾನನ ಕೈಯಲ್ಲೇ ಉಳಿಯಿತು. ಗವರ್ನರ್ ಕೆಂಪು ಸಮುದ್ರದೊಳಕ್ಕೆ ಹೋಗಿ ಕಮರಾನ್ ದ್ವೀಪದಲ್ಲಿ ಬೇಸಿಗೆ ಕಳೆದು, ಅನೇಕರನ್ನು ಅಲ್ಲೇ ಹೂತು ಮರಳಿದ. ಸುವೇಜಿನಲ್ಲಿ ಹೆದರುವಂಥ ನೌಕಾಪಡೆಯೇನೂ ಇಲ್ಲ ಎಂಬ ಸುದ್ದಿಯೊಂದೇ ಅವನಿಗೆ ಸಿಕ್ಕ ಲಾಭ.

ಅವನ ತಲೆಯಲ್ಲಿದ್ದ ಉಳಿದ ಯೋಜನೆಗಳನ್ನು ಮಗ ಬ್ರಾಸ್ 1557ರಲ್ಲಿ ಪ್ರಕಟಿಸಿದ ಗ್ರಂಥ ಹೇಳುತ್ತದೆ. ಅಬಿಸೀನಿಯಾದ ದೊರೆಯ ನೆರವಿನಿಂದ ನೈಲ್ ನದಿಯನ್ನು ಬೇರೆಡೆಗೆ ತಿರುಗಿಸಿ ಈಜಿಪ್ಟನ್ನು ಒಣಗಿಸುವುದು ಒಂದು. ಇನ್ನೊಂದು, ಕುದುರೆ ಸವಾರರ ಪಡೆಯನ್ನು ಅರಬ್ ದಂಡೆಯಲ್ಲಿ ಇಳಿಸಿ, ಮದೀನಕ್ಕೆ ನುಗ್ಗಿ, ಪ್ರವಾದಿ (ಸ) ಅವರ ಪವಿತ್ರ ದೇಹವನ್ನು ಹೊತ್ತೊಯ್ದು ಜೆರುಸಲೇಮಿಗೆ ಪ್ರತಿಯಾಗಿ ಒತ್ತೆಯಿಡುವುದು. ಓದುವಾಗ ರಕ್ತ ಕುದಿಯುತ್ತದೆ. ಒಂದು ಜನರ ಮೇಲಿನ ಹಗೆ ನಿಮ್ಮನ್ನು ನ್ಯಾಯದಿಂದ ತಪ್ಪಿಸದಿರಲಿ ಎಂಬ ಸೂರಃ ಅಲ್ ಮಾಇದಃದ ಆದೇಶ ನೆನಪಾಗಬೇಕಾದದ್ದು ಇಂಥ ಹೊತ್ತಿನಲ್ಲೇ. ಆ ಯೋಜನೆಗೆ ಇಂದಿನ ಗೋವಾದ, ಮಂಗಳೂರಿನ ಕ್ರೈಸ್ತ ನೆರೆಯವರು ಹೊಣೆಯಲ್ಲ, ತಿಮ್ಮಯ್ಯನಿಗೆ ಹೊನ್ನಾವರದ ಹಿಂದೂಗಳು ಹೊಣೆಯಲ್ಲದ ಹಾಗೆಯೇ.

ಕರಾವಳಿಯವರು ತಮ್ಮ ಕಡೆಯ ಸುದ್ದಿಯನ್ನು ಬರೆದಿಡಲಿಲ್ಲವೇ ಎಂದರೆ, ಬರೆದರು, ತಡವಾಗಿ. ಪೊನ್ನಾನಿಯ ಶೇಖ್ ಝೈನುದ್ದೀನ್ ಮಖ್ದೂಮರು ಆ ಶತಮಾನದ ಕೊನೆಯ ಭಾಗದಲ್ಲಿ ಅರಬಿಯಲ್ಲಿ ‘ತುಹ್‌ಫತುಲ್ ಮುಜಾಹಿದೀನ್’ ರಚಿಸಿದರು. ಅದನ್ನು ಅರ್ಪಿಸಿದ್ದು ಬಿಜಾಪುರದ ಅಲಿ ಆದಿಲ್ ಶಾಹನಿಗೆ. ಸುಟ್ಟ ಮಸೀದಿಗಳು, ತಡೆಯಲ್ಪಟ್ಟ ಹಜ್ಜ್ ಯಾತ್ರಿಗಳು, ಲೂಟಿಯಾದ ಹಡಗುಗಳು ಎಲ್ಲವೂ ಅದರಲ್ಲಿವೆ. ಮುಸ್ಲಿಮರಿಗೆ ಆಶ್ರಯ ಕೊಟ್ಟ ಸಾಮೂದಿರಿಯ ಗುಣಗಾನವೂ ಅದರಲ್ಲಿದೆ, ನೆರವಿಗೆ ಬಾರದ ಮುಸ್ಲಿಮ್ ಅರಸರ ಬಗ್ಗೆ ಅಸಮಾಧಾನವೂ ಇದೆ. ಗವರ್ನರನ ಕಾಗದಗಳ ಪಕ್ಕದಲ್ಲಿ ಇದನ್ನಿಟ್ಟು ಓದುವುದು ಒಳ್ಳೆಯದು. ಎರಡೂ ಕಡೆಯವರು ಒಂದೇ ಘಟನೆಗಳನ್ನು ಹೇಳುತ್ತಿದ್ದಾರೆ, ಬಹುಪಾಲು ಒಬ್ಬರನ್ನೊಬ್ಬರು ಅಲ್ಲಗಳೆಯದೆ.

1515ರಲ್ಲಿ ಅಲ್ಬುಕರ್ಕ್ ಹುರ್ಮುಜನ್ನು ಪೂರ್ತಿಯಾಗಿ ಹಿಡಿದ. ಅಲ್ಲಿಂದ ಕಾಯಿಲೆಯಲ್ಲಿ ಮರಳುವಾಗ ನಡುಗಡಲಿನಲ್ಲಿ, ತನ್ನ ಜಾಗಕ್ಕೆ ಲೋಪೊ ಸೋರೆಸ್ ಎಂಬ ಎದುರಾಳಿ ಬಂದಿದ್ದಾನೆಂದು ತಿಳಿಯಿತು. ಡಿಸೆಂಬರ್ 6ರಂದು ದೊರೆಗೆ ಕೊನೆಯ ಪತ್ರ ಬರೆಸಿದ. ಚಿಕ್ಕ ಪತ್ರ. ಮಗನನ್ನು ನೋಡಿಕೊಳ್ಳಿ, ಇಂಡಿಯಾವನ್ನು ನಿಮ್ಮ ಕೈಯಲ್ಲಿಟ್ಟು ಹೋಗುತ್ತಿದ್ದೇನೆ, ಆ ಜಲಸಂಧಿಯ ಬಾಗಿಲನ್ನು ಮುಚ್ಚುವುದೊಂದೇ ಉಳಿದಿದೆ ಎಂಬುದು ಅದರ ಸಾರ. 16ರಂದು ಗೋವಾ ಕಣ್ಣಿಗೆ ಬಿದ್ದಾಗ ಪ್ರಾಣ ಹೋಯಿತು. ಮುಂದಿನ ಅಧಿಕಾರಿಗಳ ಕಾಟ ತಾಳದೆ ಹಿಂದೂಗಳೂ ಮುಸಲ್ಮಾನರೂ ಅವನ ಗೋರಿಯ ಬಳಿ ಬಂದು ನ್ಯಾಯ ಬೇಡುತ್ತಿದ್ದರೆಂದು ಪೋರ್ಚುಗೀಸ್ ಚರಿತ್ರೆಕಾರರು ಬರೆದಿದ್ದಾರೆ. ಗೋವಾದಲ್ಲಿ ಹಾಗೆ ಬೇಡಲು ಎಷ್ಟು ಮುಸಲ್ಮಾನರು ಉಳಿದಿದ್ದರು ಎಂದು ಕೇಳಬೇಕಾಗುತ್ತದೆ. 1566ರಲ್ಲಿ ಅವನ ಮೂಳೆಗಳನ್ನು ಲಿಸ್ಬನ್ನಿಗೆ ಸಾಗಿಸಿದರು.

ಲೋಪೊ ಸೋರೆಸ್ 1517ರಲ್ಲಿ ದೊಡ್ಡ ನೌಕಾಪಡೆಯೊಂದಿಗೆ ಕೆಂಪು ಸಮುದ್ರಕ್ಕೆ ನುಗ್ಗಿ ಜಿದ್ದಾ ಬಂದರಿನ ಮುಂದೆ ಲಂಗರು ಹಾಕಿದ. ದಡದಲ್ಲಿ ಸಲ್ಮಾನ್ ರಈಸ್ ತೋಪುಗಳನ್ನು ಹೂಡಿ ಕಾದಿದ್ದನು. ಲೋಪೊ ಸೋರೆಸ್ ತನ್ನ ಸೈನಿಕರನ್ನು ದಡಕ್ಕೆ ಇಳಿಸದೆಯೇ ಲಂಗರು ಎತ್ತಿ ಹಿಂದಿರುಗಿದ.